ರೋಲ್‌ಪ್ಲೇ ಆಟಕ್ಕೆ ಬಂದ ಹೊಸಬರು ಮರುವಾರ ಯಾಕೆ ಬರುವುದಿಲ್ಲ?

ನೀರ್ಚಾಲು ಡಿಎಂ
ಎಲ್ಲರಿಗೂ ನಮಸ್ಕಾರ. ನೀರ್ಚಾಲು ಕಡೆ ನಾವು ಕೆಲವರು ಭಾನುವಾರ ಊಟ ಆದ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡುತ್ತೇವೆ. ಡಿಎಂ, ಅಂದರೆ ಡಂಜನ್ ಮಾಸ್ಟರ್, ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಆಡುವುದು. ನಮ್ಮಲ್ಲಿ ಡಿಎಂ ನಾನು. ನಮ್ಮ ಮನೆಯ ಉಪ್ಪರಿಗೆಯಲ್ಲಿ ಚಾಪೆ ಹಾಸಿ, ಮಧ್ಯೆ ನಕ್ಷೆ ಇಟ್ಟು, ಸುತ್ತ ಕೂರುವುದು. ಹಳಬರು ಬಿಡದೆ ಬರುತ್ತಾರೆ. ಹೊಸಬರದ್ದೇ ಸಮಸ್ಯೆ. ಆಸೆಯಿಂದ ಬರುತ್ತಾರೆ, ಒಂದು ಸಲ ಕೂರುತ್ತಾರೆ, ಮುಂದಿನ ವಾರ ಕಾಣುವುದಿಲ್ಲ.

ಮೊನ್ನೆ ಬದಿಯಡ್ಕದಿಂದ ಒಬ್ಬಳು ಡಿಗ್ರಿ ಓದುವ ಹುಡುಗಿ ಬಂದಿದ್ದಳು. ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್ ಕೊಟ್ಟೆವು. ಆರು ಸಾಮರ್ಥ್ಯ, 18 ಸ್ಕಿಲ್, ಮೇಲೆ ಆರ್ಮರ್ ಕ್ಲಾಸ್ (ಏಟು ತಾಗದಂತೆ ತಡೆಯುವ ಅಂಕೆ), ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಹುದು ಅನ್ನುವ ಅಂಕೆ). ಪೆನ್ಸಿಲ್ ಹಿಡಿದುಕೊಂಡು ಒಂದೊಂದೇ ಚೌಕ ಶ್ರದ್ಧೆಯಿಂದ ತುಂಬಿಸಿದಳು. ಅಷ್ಟು ಮುಗಿದು ಕಥೆ ಶುರುವಾಗುವಾಗ ನಾಲ್ಕು ಗಂಟೆ. "ಗುಹೆಯ ಬಾಗಿಲಲ್ಲಿ ಬೆಳಕು ಕಾಣುತ್ತಿದೆ, ನೀನು ಏನು ಮಾಡುತ್ತೀ?" ಅಂತ ಕೇಳಿದೆ. ಶೀಟ್ ನೋಡಿದಳು, ನನ್ನ ಮುಖ ನೋಡಿದಳು, "ಏನೆಲ್ಲ ಮಾಡಬಹುದು?" ಅಂದಳು. ಐದೂವರೆಯ ಬಸ್ಸಿಗೆ ಹೋದವಳು ಮತ್ತೆ ಮೆಸೇಜಿಗೂ ಉತ್ತರ ಕೊಟ್ಟಿಲ್ಲ.

ನಿಮ್ಮ ಕಡೆ ಹೊಸಬರನ್ನು ಹೇಗೆ ಸೇರಿಸಿಕೊಳ್ಳುತ್ತೀರಿ? ಕಾಸರಗೋಡು ಕಡೆ ಈ ಆಟ ಆಡುವವರೇ ಕಡಿಮೆ. ಬಂದವರೂ ಹೀಗೆ ಹೋದರೆ ನಮ್ಮ ಗುಂಪು ಎಷ್ಟು ದಿನ ನಡೆದೀತು?

ಪೆರ್ಲದ ರೇಂಜರ್
ಬರುವ ಮೊದಲೇ ರೂಲ್ಸ್ ಓದಲು ಹೇಳಿ. ಬೇಸಿಕ್ ರೂಲ್ಸ್ ಉಚಿತವಾಗಿ ಸಿಗುತ್ತದೆ. ಓದದೆ ಬಂದವರಿಗೆ ಕೂತಲ್ಲಿ ಪಾಠ ಮಾಡುತ್ತಾ ಇದ್ದರೆ ಉಳಿದವರ ಆಟವೂ ಹಾಳು.

ಪಯಸ್ವಿನಿ
ರೇಂಜರ್ ಅಣ್ಣ, ನಾನು ಇದನ್ನು ಒಪ್ಪುವುದಿಲ್ಲ. ಇಷ್ಟವಾಗುತ್ತದೋ ಇಲ್ಲವೋ ಅಂತಲೇ ಗೊತ್ತಿಲ್ಲದ ಆಟಕ್ಕೆ ಯಾರಾದರೂ ನೂರಾರು ಪುಟ ಓದಿಕೊಂಡು ಬರುತ್ತಾರಾ? ಅವಳು "ಏನೆಲ್ಲ ಮಾಡಬಹುದು" ಅಂತ ಕೇಳಿದ್ದು ರೂಲ್ಸ್ ಗೊತ್ತಿಲ್ಲದ್ದಕ್ಕಲ್ಲ. ಉತ್ತರ ಆ ಶೀಟಿನೊಳಗೇ ಎಲ್ಲೋ ಇದೆ ಅಂತ ಅವಳು ತಿಳಿದುಕೊಂಡಳು. ಎರಡು ಗಂಟೆ ಆ ಶೀಟನ್ನೇ ಕೈಯಲ್ಲಿ ಕೊಟ್ಟು ಕೂರಿಸಿದರೆ ಮತ್ತೇನು ತಿಳಿದುಕೊಳ್ಳಬೇಕು?

ಈ ಆಟ ನಡೆಯುವುದು ಮೂರು ಹೆಜ್ಜೆಯಲ್ಲಿ. ಡಿಎಂ ಎದುರಿಗೆ ಏನಿದೆ ಅಂತ ಹೇಳುತ್ತಾರೆ. ಆಟಗಾರರು ತಾವೇನು ಮಾಡುತ್ತೇವೆ ಅಂತ ಹೇಳುತ್ತಾರೆ. ಆಮೇಲೆ ಏನಾಯಿತು ಅಂತ ಡಿಎಂ ಹೇಳುತ್ತಾರೆ, ಆಗುತ್ತದೋ ಇಲ್ಲವೋ ಅಂತ ಸಂಶಯ ಇದ್ದಲ್ಲಿ ಮಾತ್ರ ಡೈಸ್. ಇಷ್ಟು ಹೇಳಲು ಒಂದು ನಿಮಿಷ ಸಾಕು. ಉಳಿದದ್ದು ಬೇಕಾದಾಗ ಬೇಕಾದಷ್ಟು.

ಕುಂಬಳೆ ಕಡಲು
ಪಯಸ್ವಿನಿ ಅಕ್ಕ ಹೇಳಿದ್ದಕ್ಕೆ ನೂರು ಅಂಕ.

ಪೆರ್ಲದ ರೇಂಜರ್
ಹಾಗಾದರೆ ಯುದ್ಧ ಬಂದಾಗ? ಇನಿಶಿಯೇಟಿವ್ (ಯಾರ ಸರದಿ ಮೊದಲು) ಏನು, ಆಕ್ಷನ್ (ಸರದಿಯಲ್ಲಿ ಮಾಡುವ ಕೆಲಸ) ಏನು, ಬೋನಸ್ ಆಕ್ಷನ್ (ಅದರ ಮೇಲೊಂದು ಸಣ್ಣ ಕೆಲಸ) ಏನು ಅಂತ ಪ್ರತಿ ಸರದಿಗೆ ಹೇಳುತ್ತಾ ಕೂರಬೇಕಾ? ನಾವು ಆಡುವುದೇ ವಾರಕ್ಕೆ ಮೂರು ಗಂಟೆ.

ಪಯಸ್ವಿನಿ
ಹೌದು, ಹೇಳುತ್ತಾ ಕೂರಬೇಕು. ಮೊದಲ ದಿನ ಹೇಳಿದರೆ ಎರಡನೇ ದಿನ ಅರ್ಧ ಹೇಳಿದರೆ ಸಾಕು. ನಿಮಗೂ ಯಾರೋ ಹೇಳಿಕೊಟ್ಟೇ ಬಂದದ್ದಲ್ವಾ?

ಮುಳ್ಳೇರಿಯ ಮಾಷ್ಟ್ರು
ಮಕ್ಕಳಿಗೆ ಪಾಠ ಹೇಳುವವನಾದ್ದರಿಂದ ಒಂದೆರಡು ಮಾತು. ನಾನು ಶಾಲೆಯ ಕೆಲವು ಮಕ್ಕಳ ಜೊತೆ ಶನಿವಾರ ಆಡಿಸುತ್ತೇನೆ. ನನ್ನ ಕ್ರಮ ಹೀಗೆ.

ಪಾತ್ರಗಳನ್ನು ಮೊದಲೇ ಮಾಡಿ ಇಡುತ್ತೇನೆ. ಹೊಸಬರು ಆರಿಸಿಕೊಂಡರೆ ಸಾಕು. ಅಂಚೆ ಕಾರ್ಡಿನಷ್ಟು ಅಗಲದ ಕಾಗದದಲ್ಲಿ ಪಾತ್ರದ ಹೆಸರು, ಅವನಿಗೆ ಏನು ಚೆನ್ನಾಗಿ ಬರುತ್ತದೆ ಅನ್ನುವ ಎರಡು ಸಾಲು, ಅವನ ಕೈಯಲ್ಲಿರುವ ಮೂರು ವಸ್ತು. ಅಂಕೆಗಳೆಲ್ಲ ನನ್ನ ಪುಸ್ತಕದಲ್ಲಿ ಇರುತ್ತವೆ. "ನಾನು ಗೋಡೆ ಹತ್ತುತ್ತೇನೆ" ಅಂತ ಮಗು ಹೇಳಿದರೆ, "ಡಿ20 ಹಾಕು, ಬಂದದ್ದಕ್ಕೆ ಐದು ಸೇರಿಸು" ಅನ್ನುತ್ತೇನೆ. ಡಿ20 ಅಂದರೆ 20 ಮುಖದ ದಾಳ. ಆ ಐದು ಎಲ್ಲಿಂದ ಬಂತು ಅಂತ ಅವರೇ ಮೂರನೇ ವಾರ ಕೇಳುತ್ತಾರೆ. ಆಗ ಶೀಟ್ ಕೊಡುತ್ತೇನೆ. ಕೇಳಿದ ಮೇಲೆ ಕೊಟ್ಟದ್ದು ತಲೆಯಲ್ಲಿ ನಿಲ್ಲುತ್ತದೆ.

ಇನ್ನೊಂದು ವಿಷಯ. "ನೀನು ಏನು ಮಾಡುತ್ತೀ?" ಅನ್ನುವ ಪ್ರಶ್ನೆ ಹೊಸಬರಿಗೆ ತುಂಬ ದೊಡ್ಡದು. ಅದರ ಬದಲು "ಒಳಗೆ ಯಾರೋ ಕೆಮ್ಮಿದ ಸದ್ದು ಕೇಳುತ್ತದೆ. ಬಾಗಿಲ ಸಂದಿಯಲ್ಲಿ ನೋಡುತ್ತೀಯಾ, ಕರೆಯುತ್ತೀಯಾ, ಇಲ್ಲ ಬೇರೆ ಏನಾದರೂ?" ಅಂತ ಕೇಳಿ. ಎರಡು ದಾರಿ ತೋರಿಸಿ ಮೂರನೆಯದನ್ನು ತೆರೆದಿಡಿ. ಹೆಚ್ಚಿನವರು ಆ ಮೂರನೆಯದನ್ನೇ ಹಿಡಿಯುತ್ತಾರೆ.

ನೀರ್ಚಾಲು ಡಿಎಂ
ಮಾಷ್ಟ್ರೇ, ಇದು ತುಂಬ ಉಪಯೋಗ ಆಯಿತು. ಕಾರ್ಡ್ ಇವತ್ತೇ ಬರೆಯುತ್ತೇನೆ.

ಹೊಸ ಅರ್ಥಧಾರಿ
ನನ್ನದು ಸ್ವಲ್ಪ ಉದ್ದ, ಓದಿ.

ಕಾಸರಗೋಡು ಕಡೆ ಈ ಆಟ ಆಡುವವರೇ ಕಡಿಮೆ ಅಂತ ಹೇಳುತ್ತೀರಿ, ನಮ್ಮ ಊರಿನವರಿಗೆ ಇದು ಹೊಸದು ಅನ್ನುವ ಹಾಗೆ. ತಾಳಮದ್ದಳೆ ನೋಡಿದವರು ಹಾಗೆ ಹೇಳಬಾರದು. ವೇಷ ಇಲ್ಲ, ರಂಗ ಇಲ್ಲ, ಪಂಚೆ ಶಾಲು ಹೊದ್ದು ಕೂತವರು ಪಾತ್ರವಾಗಿ ಮಾತಾಡುತ್ತಾರೆ. ವಾಲಿ ಬಿದ್ದಿದ್ದಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ರಾಮನನ್ನು ಕೇಳುತ್ತಾನೆ. ಭಾಗವತರು ಹಾಡುವ ಪದ್ಯ ನಾಲ್ಕು ಸಾಲು, ಅದರ ಮೇಲೆ ಅರ್ಥ (ಆಗಲೇ ಕಟ್ಟಿ ಆಡುವ ಮಾತು) ಅರ್ಧ ಗಂಟೆ. ರಾಮ ಏನು ಹೇಳುತ್ತಾನೆ ಅಂತ ವಾಲಿಗೆ ಮೊದಲೇ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದದ್ದು ಇದೇ ಕಾರಣಕ್ಕೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಜನ ನಾವು. ಬಾಯಲ್ಲೇ ಪಾತ್ರ ಕಟ್ಟುವುದು ಇಲ್ಲಿ ಯಾರಿಗೆ ಹೊಸತು?

ಹೊಸಬರನ್ನು ಅಲ್ಲಿ ಹೇಗೆ ತರುತ್ತಾರೆ ನೋಡಿ. ಸಂಘದ ವಾರದ ಕೂಟಕ್ಕೆ ಮೊದಲು ಬಂದವನಿಗೆ ದೂತನ ಅರ್ಥ ಕೊಡುತ್ತಾರೆ. ಬಂದು ಸುದ್ದಿ ಹೇಳಬೇಕು, ಎರಡು ಪ್ರಶ್ನೆಗೆ ಉತ್ತರ ಕೊಡಬೇಕು, ಅಷ್ಟೆ. ಎದುರಿಗೆ ಕೂತ ಹಿರಿಯರು ಅವನಿಂದ ಉತ್ತರ ಬರುವ ಹಾಗೆಯೇ ಪ್ರಶ್ನೆ ಕೇಳುತ್ತಾರೆ. ಯಕ್ಷಗಾನ ಮೇಳದಲ್ಲೂ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದಲೇ ಹುಡುಗರು ಶುರು ಮಾಡುವುದು. ನಿಮ್ಮ ಆಟದಲ್ಲೂ ಹೊಸಬರಿಗೆ ಒಂದು ಸಣ್ಣ, ಆದರೆ ಕಥೆಗೆ ಬೇಕೇ ಬೇಕಾದ ಕೆಲಸ ಕೊಡಿ. ನಕ್ಷೆ ಅವಳ ಹತ್ತಿರ ಇರಲಿ. ಬೀಗದ ಕೈ ಅವಳ ಹತ್ತಿರ ಇರಲಿ. ಹಳಬರು ಅವಳನ್ನು ಕೇಳದೆ ಮುಂದೆ ಹೋಗಲು ಆಗಬಾರದು.

ಬೇಕಲದ ಕಾವಲುಗಾರ
ಅರ್ಥಧಾರಿಗಳೇ, ಚೆಂದ ಹೇಳಿದಿರಿ. ಆದರೆ ಒಂದು ವ್ಯತ್ಯಾಸ ಇದೆ. ತಾಳಮದ್ದಳೆಯಲ್ಲಿ ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕಬೇಕು, ಜನ ಅದನ್ನು ನೋಡಲಿಕ್ಕೇ ಬರುವುದು. ನಮ್ಮಲ್ಲಿ ಪ್ರೇಕ್ಷಕರಿಲ್ಲ, ಎಲ್ಲರೂ ಒಂದೇ ಪಕ್ಷ. ವಾಲಿ ಸಾಯುತ್ತಾನೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು, ಇಲ್ಲಿ ಕೊನೆ ಡಿಎಂಗೂ ಗೊತ್ತಿಲ್ಲ. ಮಾತು ಬಲ್ಲವರು ಬಂದರೆ ಕೆಲವು ಸಲ ಉಳಿದವರಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದನ್ನೂ ನೋಡಿದ್ದೇನೆ.

ಹೊಸ ಅರ್ಥಧಾರಿ
ಒಳ್ಳೆಯ ಅರ್ಥಧಾರಿ ಎದುರಿನವರಿಗೆ ಮಾತು ಬಿಡುತ್ತಾನೆ ಸ್ವಾಮಿ. ಒಬ್ಬನೇ ಮಾತಾಡಿದರೆ ಅಲ್ಲಿಯೂ ಕೂಟ ಕೆಡುತ್ತದೆ.

ಉಪ್ಪಳದ ಹೊಸಬ
ನಾನು ಇನ್ನೂ ಒಂದು ಸಲವೂ ಆಡಿಲ್ಲ. ಓದುತ್ತಾ ಇದ್ದೆ, ಕೇಳಿಯೇ ಬಿಡುತ್ತೇನೆ. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ವಿಡಿಯೋಗಳಲ್ಲಿ ಎಲ್ಲರೂ ಪಟಪಟ ಇಂಗ್ಲಿಷ್ ಮಾತಾಡಿಕೊಂಡು, ದನಿ ಬದಲಾಯಿಸಿಕೊಂಡು ಆಡುತ್ತಾರೆ. ನನಗೆ ಅದು ಬರುವುದಿಲ್ಲ. ಸೇರಬಹುದಾ? ಮತ್ತೆ ಪುಸ್ತಕ ತೆಗೆದುಕೊಳ್ಳಲೇಬೇಕಾ? ಆಟದ ಮೂರು ಮುಖ್ಯ ಪುಸ್ತಕದ ಬೆಲೆ ನೋಡಿ ಹೆದರಿಕೆ ಆಯಿತು.

ಕುಂಬಳೆ ಕಡಲು
ಖಂಡಿತ ಸೇರಬಹುದು ಮಾರಾಯ್ರೆ! ನಮ್ಮ ಟೇಬಲ್ಲಿನಲ್ಲಿ ಕಮ್ಮಾರ ತುಳುವಿನಲ್ಲಿ ಮಾತಾಡುತ್ತಾನೆ, ಹಡಗಿನ ಯಜಮಾನ ಮಲಯಾಳದಲ್ಲಿ, ಕಾಡಿನ ಮುದುಕಿ ಹವ್ಯಕದಲ್ಲಿ. ಯಾರ ಮಾತು ಯಾವುದು ಅಂತ ದನಿ ಬದಲಾಯಿಸದೆಯೇ ಗೊತ್ತಾಗುತ್ತದೆ. ಕಾಸರಗೋಡಿನವರಿಗೆ ಇದಕ್ಕಿಂತ ಸುಲಭ ಏನುಂಟು?

ದನಿ ತೆಗೆದು ಮಾತಾಡಲು ನಾಚಿಕೆ ಆದರೆ "ನನ್ನ ಪಾತ್ರ ಅವನ ಹತ್ತಿರ ದಾರಿ ಕೇಳುತ್ತದೆ" ಅಂತ ಹೇಳಿದರೂ ಸಾಕು. ಅದೂ ಆಟವೇ.

ಬೇಕಲದ ಕಾವಲುಗಾರ
ಪುಸ್ತಕ ಬೇಡ. 2023ರ ಜನವರಿಯಲ್ಲಿ ಲೈಸೆನ್ಸ್ ವಿಚಾರದಲ್ಲಿ ಆಟಗಾರರು ದೊಡ್ಡ ಗಲಾಟೆ ಎಬ್ಬಿಸಿದ ಮೇಲೆ ಈ ಆಟದ ಪ್ರಕಾಶಕರಾದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಐದನೇ ಆವೃತ್ತಿಯ ಮೂಲ ನಿಯಮಗಳನ್ನು, ಅಂದರೆ ಎಸ್‌ಆರ್‌ಡಿ 5.1 ಅನ್ನು, ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್ ಅಡಿ ಬಿಡುಗಡೆ ಮಾಡಿತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮೂಲದ ಹೆಸರು ಹಾಕಿ ಕನ್ನಡದಲ್ಲಿ ಬರೆದು ಹಂಚಬಹುದು.

ಡಿ ಅಂಡ್ ಡಿ ಒಂದೇ ಅಲ್ಲ. 'ಕೇರ್ನ್' ಅಂತ ಒಂದು ಆಟ ಉಂಟು, ಅದರ ನಿಯಮಗಳೂ ಉಚಿತ. ಮೂರೇ ಸಾಮರ್ಥ್ಯ: ಬಲ, ಚುರುಕು, ಮನೋಬಲ. ಡಿ20 ಹಾಕಿದಾಗ ನಿಮ್ಮ ಅಂಕೆಗೆ ಸಮ ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೆಲಸ ಆಯಿತು. ಹೊಡೆದ ಏಟು ತಾಗಿತೋ ಇಲ್ಲವೋ ಅಂತ ನೋಡುವುದೇ ಇಲ್ಲ, ನೇರ ಎಷ್ಟು ಪೆಟ್ಟು ಅಂತ ಡೈಸ್ ಹಾಕುವುದು. ಪಾತ್ರ ಮಾಡಲು ಚಾ ಕುಡಿದು ಮುಗಿಸುವಷ್ಟು ಹೊತ್ತು ಸಾಕು. ಹೊಸಬರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು.

ಪೆರ್ಲದ ರೇಂಜರ್
ಡಿ ಅಂಡ್ ಡಿಯಷ್ಟು ಆಳ ಆ ಸಣ್ಣ ಆಟಗಳಲ್ಲಿ ಇಲ್ಲ. 80ರ ದಶಕದಿಂದ ತಿದ್ದಿ ತಿದ್ದಿ ಬಂದ ಆಟ ಅದು. ಹೊಸಬರಿಗೆ ಅರ್ಧಂಬರ್ಧ ತೋರಿಸಿ ಏನು ಪ್ರಯೋಜನ?

ಬೇಕಲದ ಕಾವಲುಗಾರ
80ರ ದಶಕ ಅಲ್ಲ, 1974. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರು ಸೇರಿ ತಂದದ್ದು. ಮೊದಲ ಪೆಟ್ಟಿಗೆಯಲ್ಲಿ ಇದ್ದದ್ದು ಮೂರು ತೆಳ್ಳಗಿನ ಪುಸ್ತಕ. ನೀವು ಹೇಳುವ ಆ ಆಳವೂ ತೆಳ್ಳಗಿನ ನಿಯಮದಿಂದಲೇ ಶುರುವಾದದ್ದು. ಬೋನಸ್ ಆಕ್ಷನ್ ಎಲ್ಲ ಆಮೇಲೆ ಬಂತು.

ಪೆರ್ಲದ ರೇಂಜರ್
1974 ಸರಿ. ಆದರೂ ಹತ್ತು ಹಂತ ಏರಿದ ವಿಝಾರ್ಡ್ (ಮಂತ್ರವಾದಿ) ಆಡುವ ಖುಷಿಯೇ ಬೇರೆ. ಅದನ್ನು ಹೊಸಬರಿಗೂ ಒಂದು ದಿನ ತೋರಿಸಬೇಕು ಅನ್ನುವ ಆಸೆ ನನ್ನದು.

ಪಯಸ್ವಿನಿ
ತೋರಿಸಿ, ಆದರೆ ಮೊದಲ ದಿನ ಬೇಡ. ಮೊದಲ ದಿನ ಫೈಟರ್ (ಯೋಧ) ಪಾತ್ರ ಕೊಡಿ. ಮಂತ್ರಗಳ ಪಟ್ಟಿ ಇಲ್ಲ, ಎದುರಿಗೆ ಬಂದದ್ದನ್ನು ಹೊಡೆಯಬಹುದು, ಹೊತ್ತುಕೊಂಡು ಹೋಗಬಹುದು, ಬಾಗಿಲು ಒಡೆಯಬಹುದು.

ದುಬೈ ವಾಸಿ
ಊರು ಬದಿಯಡ್ಕವೇ, ಈಗ ದುಬೈ. 2022ರಿಂದ ಇಲ್ಲಿ ಶನಿವಾರ ಭಾನುವಾರ ರಜೆ ಆದದ್ದು ನಮಗೆ ಅನುಕೂಲ ಆಯಿತು. ಮೊದಲು ಶುಕ್ರವಾರ ರಜೆ, ಊರಿನವರಿಗೆ ಶುಕ್ರವಾರ ಕೆಲಸ, ಆಟ ಕೂಡಿಬರುತ್ತಿರಲಿಲ್ಲ. ಈಗ ಭಾನುವಾರ ನಮ್ಮ ಮೂರು ಗಂಟೆಗೆ, ನಿಮ್ಮ ನಾಲ್ಕೂವರೆಗೆ ಆನ್‌ಲೈನ್ ಕೂರುತ್ತೇವೆ.

ಆನ್‌ಲೈನ್‌ನಲ್ಲಿ ಹೊಸಬರ ಕಷ್ಟ ಇನ್ನೂ ಜಾಸ್ತಿ. ಹಳಬರು ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತಾ ಹೋಗುತ್ತಾರೆ, ಹೊಸಬರಿಗೆ ಎಲ್ಲಿ ನುಗ್ಗುವುದು ಅಂತ ಗೊತ್ತಾಗುವುದಿಲ್ಲ. ಮುಖ ಕಾಣದ್ದರಿಂದ ಬಾಯಿ ತೆರೆಯಲು ಹೊರಟವರು ಸುಮ್ಮನಾದದ್ದೂ ಯಾರ ಗಮನಕ್ಕೂ ಬರುವುದಿಲ್ಲ. ಅದಕ್ಕೆ ನಾವು ಯುದ್ಧ ಇಲ್ಲದಾಗಲೂ ಸರದಿ ಇಟ್ಟಿದ್ದೇವೆ. ಡಿಎಂ ಒಬ್ಬೊಬ್ಬರ ಹೆಸರು ಹಿಡಿದು ಕೇಳುತ್ತಾರೆ. ಮೈಕ್ ಬೇಡ ಅನ್ನುವವರು ಟೈಪ್ ಮಾಡಬಹುದು, ಡಿಎಂ ಅದನ್ನು ಗಟ್ಟಿಯಾಗಿ ಓದುತ್ತಾರೆ. ಕ್ಯಾಮೆರಾ ಹಾಕಿ ಅಂತ ಯಾರನ್ನೂ ಒತ್ತಾಯ ಮಾಡುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ಊರಿನವರ ಕರೆಂಟು ಹೋದರೆ ಆ ಪಾತ್ರ ಕಥೆಯಲ್ಲಿ ನಿದ್ದೆ ಹೋಗುತ್ತದೆ.

ಕುಂಬಳೆ ಕಡಲು
ಜುಲೈಯಲ್ಲಿ ನಿಮ್ಮ ಕಥೆಯಲ್ಲಿ ಎಲ್ಲರೂ ಮಲಗಿಯೇ ಇರಬೇಕು.

ಚೆನ್ನೆಮಣೆ
ಡೈಸ್ ವಿಷಯ ಯಾರೂ ಎತ್ತಲಿಲ್ಲ. ಉಪ್ಪಳದಲ್ಲಿ, ಕಾಸರಗೋಡು ಪೇಟೆಯಲ್ಲಿ 20 ಮುಖದ ಡೈಸ್ ಹುಡುಕಿ ಸಾಕಾಯಿತು. ಆನ್‌ಲೈನ್ ತರಿಸಬೇಕು. ಹೊಸಬರು ಡೈಸ್ ತಂದಿಲ್ಲ ಅಂತ ಮೂಲೆಯಲ್ಲಿ ಕೂರುವ ಹಾಗೆ ಆಗಬಾರದು.

ನಮ್ಮ ಅಜ್ಜಿ ಚೌಕಾಬಾರಕ್ಕೆ ಹುಣಸೆ ಬೀಜ ಹಾಕುತ್ತಿದ್ದರು. ನಾನು ಅದನ್ನೇ ತಂದೆ. ಬೀಜದ ಒಂದು ಬದಿಯನ್ನು ಹಿತ್ತಲಿನ ಒಗೆಯುವ ಕಲ್ಲಿಗೆ ಸ್ವಲ್ಪ ನೀರು ಹಾಕಿ ಉಜ್ಜಬೇಕು. ಕಂದು ಸಿಪ್ಪೆ ಹೋಗಿ ಬಿಳಿ ಕಾಣುವ ತನಕ ಉಜ್ಜಬೇಕು, ಬೆರಳ ತುದಿ ಬಿಸಿಯಾಗುತ್ತದೆ. ನಾಲ್ಕು ಬೀಜ ಸಾಕು. ಅಂಗೈಯಲ್ಲಿ ಕುಲುಕಿ ಚಾಪೆಯ ಮೇಲೆ ಹಾಕುವುದು. ಮೂರು ಅಥವಾ ನಾಲ್ಕು ಬಿಳಿ ಬಿದ್ದರೆ ಅಂದುಕೊಂಡ ಕೆಲಸ ಆಯಿತು. ಎರಡು ಬಿದ್ದರೆ ಆಯಿತು, ಆದರೆ ಏನೋ ಒಂದು ತೊಂದರೆ ಜೊತೆಗೆ ಬಂತು. ಒಂದು ಅಥವಾ ಸೊನ್ನೆ ಆದರೆ ಇಲ್ಲ. ಮೊದಲ ಸಲ ಬಂದ ನನ್ನ ಚಿಕ್ಕಮ್ಮನಿಗೂ ಎರಡೇ ನಿಮಿಷದಲ್ಲಿ ಅರ್ಥ ಆಯಿತು.

ಲೆಕ್ಕದ ಮನುಷ್ಯ
ಇದು ಬಹಳ ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿದೆ. ನಾಲ್ಕು ಬೀಜ ಬೀಳುವ ಬಗೆ 16. ಮೂರು ಅಥವಾ ಹೆಚ್ಚು ಬಿಳಿ ಬರುವುದು 5 ಬಗೆ, ಎರಡು ಬಿಳಿ 6 ಬಗೆ, ಒಂದು ಅಥವಾ ಸೊನ್ನೆ 5 ಬಗೆ. ಅಂದರೆ ಸುಮಾರು ಶೇ. 31, 38, 31.

'ಅಪೋಕ್ಯಾಲಿಪ್ಸ್ ವರ್ಲ್ಡ್' ಅಂತ 2010ರಲ್ಲಿ ಬಂದ ಆಟ ಉಂಟಲ್ಲ, ಅಲ್ಲಿ ಎರಡು ಮಾಮೂಲಿ ಡೈಸ್ ಹಾಕುವುದು. 10 ಅಥವಾ ಮೇಲೆ ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಗೆಲುವಿನ ಜೊತೆ ಏನಾದರೂ ಬೆಲೆ, 6 ಅಥವಾ ಕಡಿಮೆ ಆದರೆ ಕಷ್ಟ. ಏನೂ ಸೇರಿಸದೆ ಹಾಕಿದರೆ ಅದು ಸುಮಾರು ಶೇ. 17, 42, 42. ಒಂದು ಸೇರಿಸಿದರೆ 28, 44, 28. ಹಾಗಾಗಿ ಚೆನ್ನೆಮಣೆಯವರ ಬೀಜ ಆ ಒಂದು ಸೇರಿಸಿದ ಲೆಕ್ಕಕ್ಕೆ ಹತ್ತಿರ ಉಂಟು. ಹೊಸಬರಿಗೆ ಒಳ್ಳೆಯದು, ಪದೇ ಪದೇ ಸೋಲುವುದಿಲ್ಲ.

ಒಂದೇ ತಕರಾರು. ಬೀಜದ ಎರಡು ಬದಿ ಸಮ ಇರುವುದಿಲ್ಲ. ಉಜ್ಜಿದ ಬದಿ ಚಪ್ಪಟೆ, ಇನ್ನೊಂದು ಉಬ್ಬು. ನಾಣ್ಯದ ಹಾಗೆ ಅರ್ಧಕ್ಕರ್ಧ ಬೀಳುತ್ತದೆ ಅಂತ ಹೇಳಲಾಗದು.

ಚೆನ್ನೆಮಣೆ
ಎರಡೂ ಬದಿ ಚಪ್ಪಟೆ ಆಗುವ ಹಾಗೆ ಉಜ್ಜಿ, ಒಂದು ಬದಿಗೆ ಮಸಿ ಹಚ್ಚಿದರೆ ಆಯಿತಲ್ವಾ?

ಲೆಕ್ಕದ ಮನುಷ್ಯ
ಆಗ ಸರಿ. ಡಿ20 ಬೇಕೇ ಬೇಕು ಅನ್ನುವವರು ಒಂದರಿಂದ 20ರ ತನಕ ಚೀಟಿ ಬರೆದು ಸ್ಟೀಲ್ ಲೋಟದಲ್ಲಿ ಹಾಕಿ ಎತ್ತಬಹುದು. ಎತ್ತಿದ ಚೀಟಿಯನ್ನು ಮತ್ತೆ ಒಳಗೆ ಹಾಕಲು ಮರೆಯಬಾರದು, ಇಲ್ಲದಿದ್ದರೆ ಮುಂದಿನವರ ಲೆಕ್ಕ ತಪ್ಪುತ್ತದೆ.

ಹೊಸಬರಿಗೆ ಸಹಾಯ ಮಾಡಲು ಇನ್ನೊಂದು ದಾರಿ ಅಡ್ವಾಂಟೇಜ್. ಎರಡು ಡಿ20 ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. 11 ಅಥವಾ ಹೆಚ್ಚು ಬರಬೇಕಾದಲ್ಲಿ ಒಂದೇ ಡೈಸಿನಲ್ಲಿ ಶೇ. 50 ಇದ್ದ ಅವಕಾಶ ಶೇ. 75 ಆಗುತ್ತದೆ. ಒಳ್ಳೆಯ ಉಪಾಯ ಹೇಳಿದ ಹೊಸಬರಿಗೆ ಧಾರಾಳವಾಗಿ ಕೊಡಿ.

ಅಡೂರಿನ ತಾಯಿ
ಡೈಸ್ ಮಾತು ಬಂದದ್ದಕ್ಕೆ ಕೇಳುತ್ತೇನೆ. ನನ್ನ ಮಗ ಒಂಬತ್ತನೇ ಕ್ಲಾಸು. ಅವನ ಚೀಲದಲ್ಲಿ ಬಣ್ಣದ ದಾಳಗಳನ್ನು ನೋಡಿ ಅವನ ಅಜ್ಜ "ಜೂಜಾ ಇದು?" ಅಂತ ಗಲಾಟೆ ಎಬ್ಬಿಸಿದರು. ಪುಸ್ತಕದಲ್ಲಿ ರಾಕ್ಷಸರ ಚಿತ್ರ ಬೇರೆ. ಇದರಲ್ಲಿ ದುಡ್ಡು ಏನಾದರೂ ಇದೆಯಾ? ನನಗೂ ಪೂರ್ತಿ ತಿಳಿಯದು, ಸಿಟ್ಟಿನಿಂದ ಕೇಳುತ್ತಿಲ್ಲ.

ಮುಳ್ಳೇರಿಯ ಮಾಷ್ಟ್ರು
ಅಮ್ಮ, ಕೇಳಿದ್ದು ಒಳ್ಳೆಯದಾಯಿತು. ಒಂದು ಪೈಸೆಯೂ ಇಲ್ಲ. ಪಣ ಇಲ್ಲ, ಗೆದ್ದವರು ಸೋತವರು ಅಂತಲೂ ಇಲ್ಲ. ಶಕುನಿಯ ಕಥೆ ಕೇಳಿ ಬೆಳೆದ ಹಿರಿಯರು ದಾಳ ನೋಡಿ ಹೆದರುವುದು ಸಹಜ. 1980ರ ದಶಕದಲ್ಲಿ ಅಮೆರಿಕದಲ್ಲಿ ಕೂಡ ಈ ಆಟ ಮಕ್ಕಳನ್ನು ಹಾಳು ಮಾಡುತ್ತದೆ ಅಂತ ಹೆತ್ತವರು ದೊಡ್ಡ ಚಳವಳಿಯನ್ನೇ ಮಾಡಿದ್ದರು.

ಮಗ ಆಡುವಾಗ ನೀವು ಒಂದು ದಿನ ಪಕ್ಕದಲ್ಲಿ ಕೂತು ನೋಡಿ. ಸಾಧ್ಯ ಆದರೆ ಅಜ್ಜನನ್ನೂ ಕೂರಿಸಿ. ನಮ್ಮಲ್ಲಿ ಒಬ್ಬ ಹುಡುಗನ ಅಜ್ಜ ಹೀಗೇ ಬಂದವರು, ಕೊನೆಗೆ ಊರಿನ ಪಟೇಲರ ಪಾತ್ರಕ್ಕೆ ಅವರೇ ದನಿ ಕೊಟ್ಟರು. ತೆರಿಗೆ ಕಟ್ಟದೆ ಸೇತುವೆ ದಾಟಲು ಬಿಡುವುದಿಲ್ಲ ಅಂತ ಹಟ ಹಿಡಿದರು. ಮಕ್ಕಳು ಅವರ ಹತ್ತಿರ ಚೌಕಾಶಿ ಮಾಡಿ ಸುಸ್ತಾದರು.

ಅಡೂರಿನ ತಾಯಿ
ಪಟೇಲಿಕೆ ನಮ್ಮ ಮಾವನವರಿಗೂ ಹೊಂದುತ್ತದೆ. ಹೇಳಿ ನೋಡುತ್ತೇನೆ.

ಪಯಸ್ವಿನಿ
ಇನ್ನೊಂದು ವಿಷಯ ಇದೆ, ಇದನ್ನು ಹೇಳದೆ ಹೋಗಲು ಮನಸ್ಸಿಲ್ಲ. ಹುಡುಗಿಯರು ಮರುವಾರ ಬರದೆ ಇರಲು ರೂಲ್ಸ್ ಒಂದೇ ಕಾರಣ ಅಲ್ಲ.

ಹಿಂದೆ ಬೇರೆ ಊರಿನಲ್ಲಿ ಒಂದು ಗುಂಪಿಗೆ ಹೋಗಿದ್ದೆ. ಒಬ್ಬ ಆಟಗಾರ ಸೆರೆ ಸಿಕ್ಕ ಹೆಂಗಸಿನ ಪಾತ್ರವನ್ನು ಹಿಂಸಿಸುವುದನ್ನು ಬಣ್ಣ ಬಣ್ಣವಾಗಿ ಹೇಳಲು ಶುರು ಮಾಡಿದ. ಉಳಿದವರು ನಕ್ಕರು. ಡಿಎಂ ಸುಮ್ಮನೆ ಕೇಳಿಕೊಂಡಿದ್ದ. ಆ ಟೇಬಲ್ಲಿನಲ್ಲಿ ನಾನೊಬ್ಬಳೇ ಹುಡುಗಿ. ಎದ್ದು ಬಂದೆ. ಬಹಳ ಕಾಲ ಈ ಆಟದ ಕಡೆಗೆ ತಿರುಗಿಯೂ ನೋಡಲಿಲ್ಲ.

ಅದಕ್ಕೇ ಮೊದಲ ಆಟಕ್ಕೆ ಮುಂಚೆ ಸೆಷನ್ ಝೀರೋ ಬೇಕು. ಕಥೆಯಲ್ಲಿ ಏನು ಬರಲೇಬಾರದು, ಏನು ಬಂದರೂ ವಿವರ ಬೇಡ ಅಂತ ಎಲ್ಲರೂ ಕೂತು ಮಾತಾಡಬೇಕು. ಜೊತೆಗೆ ಎಕ್ಸ್ ಕಾರ್ಡ್. ಜಾನ್ ಸ್ಟಾವ್ರೊಪೌಲೊಸ್ ಅನ್ನುವವರು ರೂಪಿಸಿದ್ದು. ಒಂದು ಕಾರ್ಡಿನ ಮೇಲೆ ಗುಣಿಸು ಗುರುತು ಬರೆದು ಮಧ್ಯೆ ಇಡುವುದು. ಯಾರಿಗೆ ಕಷ್ಟ ಆದರೂ ಅದನ್ನು ಮುಟ್ಟಿದರೆ ಆಯಿತು, ಆ ಭಾಗ ಬಿಟ್ಟು ಮುಂದೆ ಹೋಗಬೇಕು. ಕಾರಣ ಕೇಳುವ ಹಾಗಿಲ್ಲ.

ಪೆರ್ಲದ ರೇಂಜರ್
ಆ ಗುಂಪಿನಲ್ಲಿ ನಡೆದದ್ದು ಕೆಟ್ಟದ್ದು, ಅದಕ್ಕೆ ಎರಡು ಮಾತಿಲ್ಲ. ಆದರೆ ಗೊತ್ತಿರುವ ಸ್ನೇಹಿತರ ಮಧ್ಯೆ ಕಾರ್ಡ್ ಎಲ್ಲ ಬೇಕಾ? ನೇರ "ಇದು ಬೇಡ" ಅಂತ ಹೇಳಬಹುದಲ್ವಾ?

ಪಯಸ್ವಿನಿ
ನೀವು ಹೇಳಬಹುದು, ನಿಮಗೆ ಅವರೆಲ್ಲ ಸ್ನೇಹಿತರು. ಹೊಸಬರಿಗೆ ಅಲ್ಲಿ ಯಾರು ಸ್ನೇಹಿತರು? ಮೊದಲ ದಿನ ಬಂದವಳು ನಗುತ್ತಿರುವ ಐದು ಜನರ ಎದುರು ಬಾಯಿ ಬಿಟ್ಟು ಹೇಳಬೇಕು ಅನ್ನುವುದು ಎಷ್ಟು ಕಷ್ಟ ಅಂತ ಯೋಚಿಸಿ. ಕಾರ್ಡ್ ಮುಟ್ಟಲು ಒಂದು ಬೆರಳು ಸಾಕು.

ಪೆರ್ಲದ ರೇಂಜರ್
ಈ ಮಾತು ಒಪ್ಪಿದೆ. ನಮ್ಮಲ್ಲೂ ಇಡುತ್ತೇವೆ.

ಕುಂಬಳೆ ಕಡಲು
ಕಥೆಯ ಜಾಗದ ಬಗ್ಗೆ ಹೇಳಲಾ? ಹೊಸಬರಿಗೆ ಹಿಮದ ಬೆಟ್ಟ, ಯುರೋಪಿನ ಹೆಂಡದಂಗಡಿ ಅಂದರೆ ಕಣ್ಣಿಗೆ ಕಟ್ಟುವುದಿಲ್ಲ. ನಾನು ಒಂದು ವನ್ ಶಾಟ್ (ಒಂದೇ ದಿನ ಮುಗಿಯುವ ಕಥೆ) ಅನ್ನು ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆಯಲ್ಲಿ ಇಟ್ಟೆ. ಕಡಲಿಗೆ ಮುಖ ಮಾಡಿದ ಬುರುಜು, ಕರಿಮೆಣಸು ತುಂಬಿದ ಹಡಗು, ರಾತ್ರಿ ಚಂದ್ರಗಿರಿ ಹೊಳೆ ದಾಟಿಸುವ ದೋಣಿಯವನು. ಹೊಸಬರು ಅರ್ಧ ಗಂಟೆಯೊಳಗೆ ನನಗಿಂತ ಚೆನ್ನಾಗಿ ಜಾಗ ವರ್ಣಿಸತೊಡಗಿದರು. "ಆ ಬಾಗಿಲ ಹತ್ತಿರ ಬಾವಿ ಉಂಟಲ್ಲ" ಅಂತ ಒಬ್ಬ ನೆನಪು ಮಾಡಿದ, ಅವನೇ ಅದರಲ್ಲಿ ಇಳಿದ.

ಮುಂದಿನ ಸಲ ಭೂತಗಳನ್ನೂ, ಅಂದರೆ ಊರಿನ ದೈವಗಳನ್ನೂ, ಸೇರಿಸಬೇಕು ಅಂತ ಇದ್ದೇನೆ. ಗುಳಿಗ, ಪಂಜುರ್ಲಿ ಎದುರು ಯುದ್ಧ ಇಟ್ಟರೆ ಎಷ್ಟು ಚೆನ್ನ!

ಹೊಸ ಅರ್ಥಧಾರಿ
ಅದು ಬೇಡ. ದಯವಿಟ್ಟು ಬೇಡ. ದೈವಗಳು ಇಲ್ಲಿ ಮನೆಮನೆಯಲ್ಲಿ ನಂಬಿಕೊಂಡು ಬಂದಂಥವು. ವರ್ಷಕ್ಕೊಮ್ಮೆ ಕೋಲ ಕಟ್ಟಿಸುವ ಮನೆಯ ಹುಡುಗ ಹೊಸದಾಗಿ ಬಂದು ಕೂತಾಗ, ತಾನು ಕೈಮುಗಿಯುವ ದೈವಕ್ಕೆ ಹಿಟ್ ಪಾಯಿಂಟ್ ಬರೆದದ್ದು ನೋಡಿದರೆ ಅವನಿಗೆ ಹೇಗಾಗಬೇಡ? ಅದರ ಮೇಲೆ ಕತ್ತಿ ಬೀಸು ಅಂತ ಅವನಿಗೆ ಹೇಳುತ್ತೀರಾ?

ಬೇಕಲದ ಕಾವಲುಗಾರ
ನಾನೂ ಇದೇ ಹೇಳಲಿದ್ದೆ. ಚಂದ್ರಗಿರಿಯಿಂದ ತೆಂಕಿಗೆ ತೆಯ್ಯಂ ಕೂಡ ಹಾಗೇ. ಬೇಕಾದರೆ ಕಾಡಿನಲ್ಲಿ ಹೊಸ ಜೀವಿಯೊಂದನ್ನು ನೀವೇ ಕಟ್ಟಿ, ಹೊಸ ಹೆಸರು ಇಡಿ.

ಕುಂಬಳೆ ಕಡಲು
ನನ್ನ ಯೋಚನೆ ಯಕ್ಷಗಾನದಲ್ಲಿ ಎಲ್ಲ ಬರುತ್ತದಲ್ಲ ಅಂತ ಇತ್ತು. ರಾಮ, ಕೃಷ್ಣ, ದೇವಿ ಎಲ್ಲರೂ.

ಹೊಸ ಅರ್ಥಧಾರಿ
ಬರುತ್ತಾರೆ. ಬಣ್ಣ ಹಚ್ಚುವ ಚೌಕಿಯಲ್ಲಿ ಪೂಜೆ ಆಗಿ, ದೇವಿ ಪ್ರಸಂಗಕ್ಕೆ ಹರಕೆ ಹೊತ್ತು, ಅದಕ್ಕೊಂದು ಕ್ರಮ ಉಂಟು. ದೇವರನ್ನು ಕೊಲ್ಲಬೇಕಾದ ಎದುರಾಳಿ ಮಾಡುವುದಿಲ್ಲ. ನಿಮ್ಮ ಕೋಟೆಯ ಕಥೆಗೆ ಕಡಲ್ಗಳ್ಳರು ಸಾಕು, ಅವರೇ ಬೇಕಾದಷ್ಟು ಕಾಟ ಕೊಡುತ್ತಾರೆ.

ಕುಂಬಳೆ ಕಡಲು
ಕಡಲ್ಗಳ್ಳರೇ ಆಗಲಿ.

ದುಬೈ ವಾಸಿ
ಶೀಟಿನ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ನಮ್ಮ ಗುಂಪಿನಲ್ಲಿ ಇಬ್ಬರು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ, ಮಲಯಾಳಂ ಮೀಡಿಯಂನಲ್ಲಿ ಕಲಿತವರು. ಹಾಗಾಗಿ ಮಾಷ್ಟ್ರ ಕಾರ್ಡಿನಲ್ಲಿ ಅಕ್ಷರದ ಜೊತೆ ಒಂದು ಚಿತ್ರ ಇದ್ದರೆ ಒಳ್ಳೆಯದು. ಬಲಕ್ಕೆ ಮುಷ್ಟಿ, ಚುರುಕಿಗೆ ಜಿಂಕೆ, ಹೀಗೆ.

ಮುಳ್ಳೇರಿಯ ಮಾಷ್ಟ್ರು
ಒಳ್ಳೆಯ ಸಲಹೆ. ನಮ್ಮ ಮಕ್ಕಳಲ್ಲಿ ಚಿತ್ರ ಬರೆಯುವವರಿದ್ದಾರೆ, ಅವರಿಂದಲೇ ಮಾಡಿಸುತ್ತೇನೆ.

ನೀರ್ಚಾಲು ಡಿಎಂ
ಎಲ್ಲ ಓದಿದೆ. ಬರುವ ಭಾನುವಾರ ವಾರವಾರ ಮುಂದುವರಿಯುವ ಹಳೆಯ ಕ್ಯಾಂಪೇನ್ ಬದಿಗಿಟ್ಟು ಹೊಸಬರಿಗೆ ಅಂತಲೇ ಒಂದು ವನ್ ಶಾಟ್. ಕಾರ್ಡ್ ಪಾತ್ರಗಳು, ಕೇರ್ನ್ ನಿಯಮ, ಮಧ್ಯೆ ಎಕ್ಸ್ ಕಾರ್ಡ್. ಎರಡೂವರೆಗೆ ಶುರು, ಐದಕ್ಕೆ ಮುಗಿಸುತ್ತೇವೆ, ಬಸ್ಸು ತಪ್ಪಬಾರದು. ಕಥೆ ಅದೇ ದಿನ ಮುಗಿಯುತ್ತದೆ, ಮರುವಾರ ಬರಲೇಬೇಕು ಅಂತ ಇಲ್ಲ.

ತೊಂದರೆ ಏನೆಂದರೆ ಏಳು ಜನ ಬರುತ್ತೇವೆ ಅಂದಿದ್ದಾರೆ. ಹಳಬರೂ ಸೇರಿದರೆ ಒಂದು ಚಾಪೆಗೆ ಜಾಸ್ತಿ.

ಬೇಕಲದ ಕಾವಲುಗಾರ
ಎರಡು ಟೇಬಲ್ ಮಾಡಿ. ಒಬ್ಬ ಡಿಎಂಗೆ ನಾಲ್ಕೈದು ಜನ ಸರಿ. ಅದಕ್ಕಿಂತ ಹೆಚ್ಚಾದರೆ ಹೊಸಬರ ಸರದಿ ಬರುವಾಗ ಅವರು ಫೋನ್ ನೋಡುತ್ತಿರುತ್ತಾರೆ. ಹಳಬರು ಪ್ರತಿ ಟೇಬಲ್ಲಿಗೆ ಒಬ್ಬಿಬ್ಬರು ಮಾತ್ರ. ಅವರು ಹೊಸಬರ ಪಕ್ಕ ಕೂರಲಿ, ಕೇಳಿದರೆ ಮಾತ್ರ ಹೇಳಲಿ. "ನೀನು ಹಾಗೆ ಮಾಡಬೇಕಿತ್ತು" ಅನ್ನುವ ಮಾತು ಬೇಡ.

ಪೆರ್ಲದ ರೇಂಜರ್
ಎರಡನೇ ಟೇಬಲ್ ನಾನು ನಡೆಸುತ್ತೇನೆ. ಆಡಿ ಗೊತ್ತು, ಡಿಎಂ ಆಗಿ ಕೂತದ್ದಿಲ್ಲ. ಕೇರ್ನ್ ಇವತ್ತು ರಾತ್ರಿ ಓದುತ್ತೇನೆ. ಕಥೆಗೆ ಎಷ್ಟು ತಯಾರಿ ಬೇಕು?

ಉಪ್ಪಳದ ಹೊಸಬ
ನಾನು ರೇಂಜರ್ ಅಣ್ಣನ ಟೇಬಲ್ಲಿಗೆ. ನನಗೂ ಹೊಸತು, ಅಣ್ಣನಿಗೂ ಹೊಸತು.

ಮುಳ್ಳೇರಿಯ ಮಾಷ್ಟ್ರು
ರೇಂಜರ್, ಜಾಸ್ತಿ ಬರೆಯಬೇಡಿ. ಒಂದು ಜಾಗ, ಅಲ್ಲಿ ಒಂದು ತೊಂದರೆ, ಆ ತೊಂದರೆಯ ಬಗ್ಗೆ ಬೇರೆ ಬೇರೆ ಆಸೆ ಇರುವ ಮೂರು ಜನ. ಉದಾಹರಣೆಗೆ ದಡಕ್ಕೆ ಬಂದು ನಿಂತ ಖಾಲಿ ಹಡಗು. ವ್ಯಾಪಾರಿಗೆ ಸರಕು ಬೇಕು, ಕಾವಲಿನವನಿಗೆ ಸುದ್ದಿ ಹೊರಗೆ ಹೋಗಬಾರದು, ದೋಣಿಯವನ ಮಗ ಆ ಹಡಗಿನಲ್ಲಿದ್ದ. ಆಟಗಾರರು ಯಾರ ಮಾತು ಕೇಳುತ್ತಾರೆ ಅಂತ ಅವರೇ ನಿರ್ಧರಿಸಲಿ, ಕೊನೆಯನ್ನು ನೀವು ಮೊದಲೇ ಕಟ್ಟಿಡಬೇಡಿ. ಹೆಸರುಗಳನ್ನು ಮಾತ್ರ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಒಂದು ಹತ್ತು ಹದಿನೈದು. ದಾರಿಯಲ್ಲಿ ಸಿಕ್ಕ ಮೀನು ಮಾರುವವಳ ಹೆಸರನ್ನೂ ಹೊಸಬರು ಕೇಳುತ್ತಾರೆ, ಆಟದ ಮಧ್ಯೆ ಒಂದೂ ಹೊಳೆಯುವುದಿಲ್ಲ.